ಇಲ್ಲ ಎನ್ನುವುದಕ್ಕೂ ಯೋಗ್ಯತೆ ಬೇಕು

ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸುವವನ ಹತ್ತಿರ ಬಂದು ಯಾರೂ "ಚೆನ್ನಾಗಿತ್ತು" ಎನ್ನುವುದಿಲ್ಲ. ಗಾಯಕರ ಜೊತೆ ಸೆಲ್ಫಿ, ಡ್ರಮ್ಸ್‌ನವನಿಗೆ ಶಿಳ್ಳೆ, ಕೀಬೋರ್ಡಿನವನಿಗೆ ಮುಂದಿನ ಕಾರ್ಯಕ್ರಮದ ಅಡ್ವಾನ್ಸು. ನಾನು ಕೇಬಲ್ ಸುತ್ತಿಕೊಳ್ಳುತ್ತಿರುವಾಗ ಯಾರಾದರೂ ಬಂದರೆ, "ಅಣ್ಣಾ, ಇದಕ್ಯಾಕೆ ನಾಲ್ಕೇ ತಂತಿ?" ಎಂದು ಕೇಳುವುದಕ್ಕೆ. ಬೇಸರವೇನಿಲ್ಲ, ಅಭ್ಯಾಸವಾಗಿದೆ. ಹಗಲು ಪೀಣ್ಯ ಎರಡನೇ ಹಂತದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಅಲ್ಲೂ ಮೋಟಾರು ಓಡುವಷ್ಟು ದಿನ ನನ್ನ ಹೆಸರು ಯಾರಿಗೂ ನೆನಪಾಗುವುದಿಲ್ಲ. ನಿಂತಿತೋ, ಸೂಪರ್‌ವೈಸರಿನಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರೂ ನನ್ನ ಹೆಸರನ್ನೇ ಕೂಗುತ್ತಾರೆ.

ಇಲ್ಲದ್ದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ನನಗೆ ಅಂಟಿಕೊಂಡದ್ದು ಮಾತ್ರ ಅದಕ್ಕೂ ಮುಂಚೆ. ಸಂಸ್ಕೃತ ಮೇಷ್ಟರಾಗಿದ್ದ ನಮ್ಮ ತಾತ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ ಅನ್ನಂಭಟ್ಟನ ತರ್ಕಸಂಗ್ರಹ ಉರು ಹೊಡೆಸುತ್ತಿದ್ದರು. ಜಗತ್ತನ್ನೆಲ್ಲ ಏಳು ಪದಾರ್ಥಗಳಲ್ಲಿ ಅಡಕ ಮಾಡುವ ಪುಸ್ತಕ ಅದು. ಏಳನೆಯದು ಅಭಾವ. ಹುಟ್ಟುವ ಮುಂಚಿನ ಇಲ್ಲ, ನಾಶವಾದ ಮೇಲಿನ ಇಲ್ಲ, ಎಂದೆಂದೂ ಇಲ್ಲ, ಇದು ಅದಲ್ಲ ಎಂಬ ಇಲ್ಲ. ಬಾಸ್ ಕಲಿಯಲು ಹೊರಟಾಗ ಮೊದಲಿನ ಎರಡು ನನಗೆ ನೇರವಾಗಿ ಉಪಯೋಗಕ್ಕೆ ಬಂದವು. ಈ ವಾದ್ಯದಲ್ಲಿ ಕೈಗಳ ಅರ್ಧ ಕೆಲಸ ಮಿಡಿದ ತಂತಿಯನ್ನು ಹೊತ್ತಿಗೆ ಸರಿಯಾಗಿ ಸುಮ್ಮನಾಗಿಸುವುದು. ಡ್ರಮ್ಸಿನ ಕಿಕ್ ಬೀಳುವ ಮುಂಚಿನ ಮೌನ ಬೇರೆ, ಸ್ವರ ಕಡಿದ ಮೇಲಿನ ಮೌನ ಬೇರೆ. ಎರಡನ್ನೂ ಒಂದೇ ಎಂದುಕೊಂಡು ನುಡಿಸುವವನ ಮೇಲೆ ಡ್ರಮ್ಸ್‌ನವನು ಕಣ್ಣು ಕೆಂಪಗೆ ಮಾಡುತ್ತಾನೆ.

ಕೆಲವು ವರ್ಷಗಳ ಹಿಂದೆ ವೈಟ್‌ಫೀಲ್ಡಿನ ಐಟಿ ಕಂಪನಿಯೊಂದರ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ನಮ್ಮನ್ನು ಕರೆಸಿದ್ದರು. (ನಮ್ಮ ಪಾಲಿಗೆ ರಾಜ್ಯೋತ್ಸವ ಒಂದನೇ ತಾರೀಖಿಗೆ ಮುಗಿಯುವುದಿಲ್ಲ, ನವೆಂಬರ್ ಪೂರ್ತಿ ಸುಗ್ಗಿ.) 'ಪಲ್ಲವಿ ಅನುಪಲ್ಲವಿ' ಚಿತ್ರದ ಹಾಡು ನಡೆದಿತ್ತು. 1983ರ ಆ ಚಿತ್ರಕ್ಕೆ ಸಂಗೀತ ಕೊಟ್ಟವರು ಇಳಯರಾಜ. ಅವರ ಹಾಡುಗಳಲ್ಲಿ ಬಾಸ್ ಬರೀ ತಾಳಕ್ಕೆ ತಲೆದೂಗುವುದಿಲ್ಲ, ಗಾಯಕರ ಪಕ್ಕದಲ್ಲೇ ತನ್ನದೊಂದು ರಾಗ ಹೇಳಿಕೊಂಡು ನಡೆಯುತ್ತದೆ. ಮೊದಲ ಚರಣ ಮುಗಿಯುವ ಹೊತ್ತಿಗೆ ನನ್ನ ಕೇಬಲಿನ ಜ್ಯಾಕಿನೊಳಗೆ ಬೆಸುಗೆ ಬಿಟ್ಟಿತು. ಸದ್ದು ಮಾಯ. ಮುಂದಿನ ಸಾಲಿನ ಹುಡುಗರು ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ, ಸ್ಪೀಕರ್ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಏನೋ ಹೋಯಿತೆಂದು ಗೊತ್ತು, ಏನೆಂದು ಗೊತ್ತಿಲ್ಲ. ಅದೇ ಹೊತ್ತಿಗೆ ಟೀ ಕಪ್ ಹಿಡಿದು ಒಳಗೆ ಬಂದವರಿಗೆ ಯಾವ ಕೊರತೆಯೂ ಕಾಣಲಿಲ್ಲ, ಅವರು ಬಂದವರೇ ಕುಣಿಯತೊಡಗಿದರು.

ತಾತ ಇದ್ದಿದ್ದರೆ ಈ ಎರಡು ಗುಂಪನ್ನು ಎದುರಿಗಿಟ್ಟುಕೊಂಡು ಒಂದು ವಾರ ಪಾಠ ಮಾಡುತ್ತಿದ್ದರು. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನಮ್ಮ ಶಾಸ್ತ್ರಗಳ ಹಳೆಯ ಉದಾಹರಣೆ. ಅದು ತಿಳಿದದ್ದು ಹೇಗೆ? ಗಡಿಗೆಯನ್ನು ನೋಡುವ ಕಣ್ಣೇ ಅದರ ಅಭಾವವನ್ನೂ ನೋಡುತ್ತದೆ ಎನ್ನುತ್ತಾರೆ ನೈಯಾಯಿಕರು. ಕಣ್ಣು ಇರುವುದನ್ನಷ್ಟೇ ಮುಟ್ಟೀತು, ಇಲ್ಲದ್ದನ್ನು ತಿಳಿಯಲು ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಬೇಕು ಎಂದ ಮೀಮಾಂಸಕ ಕುಮಾರಿಲ ಭಟ್ಟ. ಅದ್ವೈತಿಗಳೂ ಅದನ್ನು ಒಪ್ಪಿಕೊಂಡರು. ಇನ್ನೊಬ್ಬ ಮೀಮಾಂಸಕ ಪ್ರಭಾಕರ ಮಾತ್ರ ಇಬ್ಬರನ್ನೂ ಪಕ್ಕಕ್ಕೆ ಸರಿಸಿದ: ಅಭಾವವೆಂಬ ಪದಾರ್ಥವೇ ಇಲ್ಲ, ನೀವು ನೋಡುತ್ತಿರುವುದು ಬರಿಯ ನೆಲ, ಅಷ್ಟೇ. ಚಿಕ್ಕವನಾಗಿದ್ದಾಗ ನನಗೆ ಪ್ರಭಾಕರನೇ ಇಷ್ಟ, ಓದುವುದು ಕಡಿಮೆ ಎಂಬ ಕಾರಣಕ್ಕೆ. ವೈಟ್‌ಫೀಲ್ಡಿನಲ್ಲಿ ಅವನ ಮಾತು ನಿಲ್ಲಲಿಲ್ಲ. ಕೇಬಲ್ ಕೈಕೊಟ್ಟಾಗ ಉಳಿದ ಬರಿಯ ಹಾಡು ಇಬ್ಬರ ಕಿವಿಗೂ ಒಂದೇ ಆಗಿತ್ತು. ಆದರೆ ಮೊದಲ ಚರಣ ಕೇಳಿದ್ದವರಿಗೆ ಒಂದು ಸಂಗತಿ ಹೆಚ್ಚಿಗೆ ಗೊತ್ತಿತ್ತು. ಆ ಹೆಚ್ಚಿನದು ಬರಿಯ ಹಾಡಿನಿಂದ ಬಂದದ್ದಾದರೆ ಟೀ ಕಪ್ಪಿನವರಿಗೂ ಬರಬೇಕಿತ್ತಲ್ಲ? ಇಲ್ಲದ್ದನ್ನು ಅರಿಯಬೇಕಾದರೆ ಯಾವುದು ಇಲ್ಲವೋ ಅದರ ನೆನಪು ಕಿವಿಯಲ್ಲಿರಬೇಕು.

ನೆನಪಿದ್ದರೂ ಸಾಲದು ಎನ್ನುವುದಕ್ಕೆ ನಮ್ಮ ವಾದ್ಯದ ಚರಿತ್ರೆಯಲ್ಲೇ ಸಾಕ್ಷಿಗಳಿವೆ. 1984ರಲ್ಲಿ ಪ್ರಿನ್ಸ್ ಎಂಬ ಅಮೆರಿಕದ ಗಾಯಕ 'ವೆನ್ ಡವ್ಸ್ ಕ್ರೈ' ಹಾಡು ಮುಗಿಸಿ, ಕೊನೆಗೆ ಅದರ ಬಾಸನ್ನೇ ತೆಗೆದುಹಾಕಿದ. ಕುಣಿಯುವ ಹಾಡಿಗೆ ಬಾಸಿಲ್ಲ! ಅದು ಅಲ್ಲಿ ಮೊದಲನೇ ಸ್ಥಾನಕ್ಕೆ ಏರಿತು. ನಾಲ್ಕು ವರ್ಷದ ನಂತರ ಇದರ ಉಲ್ಟಾ. ಮೆಟಾಲಿಕಾ ತಂಡದ 'ಅಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನಲ್ಲಿ ಜೇಸನ್ ನ್ಯೂಸ್ಟೆಡ್ ಬಾಸ್ ನುಡಿಸಿದ್ದಾನೆ, ರೆಕಾರ್ಡೂ ಆಗಿದೆ, ಮಿಕ್ಸಿಂಗಿನಲ್ಲಿ ಎಷ್ಟು ಇಳಿಸಿದರೆಂದರೆ ಬಹುತೇಕ ಕೇಳಿಸುವುದೇ ಇಲ್ಲ. ಬಸ್ ಅಪಘಾತದಲ್ಲಿ ತೀರಿಕೊಂಡ ಕ್ಲಿಫ್ ಬರ್ಟನ್ನನ ಜಾಗಕ್ಕೆ ಬಂದ ಹುಡುಗ ಅವನು. 2011ರ ಅಕ್ಟೋಬರ್ 30ರಂದು ಆ ತಂಡ ನಮ್ಮ ಅರಮನೆ ಮೈದಾನಕ್ಕೆ ಬಂದಾಗ ಬಾಸ್ ಹಿಡಿದಿದ್ದವನು ರಾಬರ್ಟ್ ಟ್ರುಹಿಯೊ. ಅಲ್ಲಿ ಬಾಸ್ ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಾಗುತ್ತಿತ್ತು. ಆದರೂ ನನ್ನ ತಲೆಯಲ್ಲಿ ಉಳಿದವನು ನ್ಯೂಸ್ಟೆಡ್. ಒಂದರಲ್ಲಿ ಬಾಸಿಲ್ಲ, ಇನ್ನೊಂದರಲ್ಲಿ ಇದೆ. ಕಿವಿಗೆ ಎರಡರಲ್ಲೂ ಇಲ್ಲ. "ಇಲ್ಲ" ಎಂದು ಕಿವಿ ಕೊಡುವ ವರದಿಯನ್ನು ಯಾವಾಗ ನಂಬಬೇಕು?

ಕುಮಾರಿಲನ ಹಾದಿಯವರಿಗೆ ಈ ತೊಡಕು ಗೊತ್ತಿತ್ತು. ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಲಾಗದು, ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಸಂದರ್ಭದಲ್ಲಿ ಕಾಣದಿದ್ದರೆ ಮಾತ್ರ ಇಲ್ಲ ಎನ್ನಬಹುದು. ಯೋಗ್ಯಾನುಪಲಬ್ಧಿ. ಕತ್ತಲೆಯಲ್ಲಿ ನಿಂತು ಗಡಿಗೆ ಇಲ್ಲ ಎನ್ನುವ ಹಾಗಿಲ್ಲ. ತಾತ ಇದನ್ನು ಹೇಳಿಕೊಟ್ಟಾಗ ತಲೆಯಾಡಿಸಿದ್ದೆ. ಅರ್ಥವಾದದ್ದು ಕೆಲಸಕ್ಕೆ ಸೇರಿದ ಮೇಲೆ. ಪ್ಯಾನೆಲ್ಲಿನಲ್ಲಿ ಸಪ್ಲೈ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಕ್ರಮವೊಂದಿದೆ. ಟೆಸ್ಟರನ್ನು ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಜಾಗಕ್ಕೆ ಹಿಡಿಯಬೇಕು, ಉರಿಯಬೇಕು. ಆಮೇಲೆ ಕೈ ಹಾಕಬೇಕಾದ ಕಡೆ ಹಿಡಿಯಬೇಕು, ಉರಿಯಬಾರದು. ಮುಗಿಯಲಿಲ್ಲ, ಮತ್ತೆ ಕರೆಂಟಿರುವ ಜಾಗಕ್ಕೆ ಹೋಗಿ ಟೆಸ್ಟರ್ ಇನ್ನೂ ಬದುಕಿದೆಯೇ ಎಂದು ನೋಡಬೇಕು. ಮೂರಕ್ಕೆ ಮೂರೂ ಸರಿಯಾದಾಗಷ್ಟೇ "ಇಲ್ಲ" ಎಂಬುದು ನಂಬಿ ಕೈ ಹಾಕಬಹುದಾದ ಇಲ್ಲ. ನಡುವಿನದನ್ನು ಮಾತ್ರ ಮಾಡಿ ಕೈ ಹಾಕುವವರೂ ಇದ್ದಾರೆ. ಎಲ್ಲರೂ ರಿಟೈರ್ ಆಗುವವರೆಗೆ ಇರುವುದಿಲ್ಲ.

ಒಳ್ಳೆಯ ಸೌಂಡಿನವರೂ ಹೀಗೆಯೇ. ಕಾರ್ಯಕ್ರಮಕ್ಕೆ ಮುಂಚೆ ತಮಗೆ ಬಾಯಿಪಾಠವಾಗಿರುವ ಒಂದು ಹಾಡನ್ನು ಹಾಕಿ, ಜಾಗದ ಉದ್ದಗಲ ನಡೆದು ಕೇಳುತ್ತಾರೆ. ಯಾಕೆಂದರೆ ಬಾಸ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನನ್ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಂಥ ಡಬ್ಬಿಯಲ್ಲಿ ಗೋಡೆಗೆ ಬಡಿದು ವಾಪಸು ಬಂದ ಅಲೆ, ಹೋಗುವ ಅಲೆಯನ್ನು ಕೆಲವು ಕಡೆ ನುಂಗಿಬಿಡುತ್ತದೆ. ಅಲ್ಲಿ ನಿಂತವನಿಗೆ ಆ ಸ್ವರವಿಲ್ಲ. ಒಂದೆರಡು ಮೀಟರ್ ಸರಿದು ನಿಂತವನಿಗೆ ಧಾರಾಳವಾಗಿದೆ. ಅಭಾವ ಯಾವಾಗಲೂ ಒಂದು ಜಾಗದಲ್ಲಿನ ಅಭಾವ ಎಂದು ತರ್ಕದವರು ಪಟ್ಟು ಹಿಡಿಯುತ್ತಿದ್ದುದು ಸುಮ್ಮನೆಯಲ್ಲ.

ಉಪಕರಣಕ್ಕೂ ಯೋಗ್ಯತೆಯ ಪ್ರಶ್ನೆ ಉಂಟು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಕೂಡದು, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆ ಡೆಸಿಬೆಲ್ 'ಎ' ಮಾಪನದ್ದು. ಮನುಷ್ಯನ ಕಿವಿ ಕೆಳಸ್ವರಗಳಿಗೆ ಮಂದ ಎಂಬ ಲೆಕ್ಕದಲ್ಲಿ ಅದು 50 ಹರ್ಟ್ಸಿನ ಸದ್ದಿಗೆ ಸುಮಾರು 30 ಡೆಸಿಬೆಲ್ ಕಡಿತ ಕೊಡುತ್ತದೆ. ಒಂದು ಸಲ ಹಾಗೇ ಆಯಿತು: ಆಯೋಜಕರ ಮೀಟರು ಎಲ್ಲ ಸರಿಯಿದೆ ಎನ್ನುತ್ತಿತ್ತು, ಪಕ್ಕದ ಬ್ಲಾಕಿನ ಅಜ್ಜಿ ಮಾತ್ರ ಕೆಳಗಿಳಿದು ಬಂದು "ನಮ್ಮನೆ ಪಾತ್ರೆಯೆಲ್ಲ ಗಡಗಡ ಅಂತಿದೆ ಕಣಪ್ಪಾ" ಎಂದು ಎದುರು ನಿಂತರು. ನಾನು ಅಜ್ಜಿಯ ಪಕ್ಷ. ಪಾತ್ರೆಗಳಿಗೆ 'ಎ' ಮಾಪನ ಗೊತ್ತಿಲ್ಲ.

ಇಷ್ಟು ದೂರ ಬಂದ ಮೇಲೆ ದೇವರ ವಿಷಯ ತಪ್ಪಿಸಲಾಗದು. ಹತ್ತನೇ ಶತಮಾನದಲ್ಲಿ ಮಿಥಿಲೆಯ ಉದಯನ 'ನ್ಯಾಯಕುಸುಮಾಂಜಲಿ'ಯಲ್ಲಿ ಇದೇ ಅಸ್ತ್ರ ಹಿಡಿದು ನಾಸ್ತಿಕರ ಎದುರು ನಿಂತ. ದೇವರು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎನ್ನುತ್ತೀರಿ. ಆದರೆ ಅವನು ಕಣ್ಣಿಗೆ ಬೀಳಲು ಯೋಗ್ಯನಾದ ವಸ್ತುವೇ ಅಲ್ಲವಲ್ಲ, ಕಾಣದಿರುವುದರಿಂದ ಏನು ಸಾಬೀತಾಯಿತು? ಹಾಗಾದರೆ ಮೊಲದ ಕೊಂಬನ್ನೂ ಅಲ್ಲಗಳೆಯಲಾಗದಲ್ಲ ಎಂದರೆ ಅದಕ್ಕೂ ಅವನಲ್ಲಿ ಉತ್ತರವಿದೆ: ಕೊಂಬು ಕಾಣುವ ವಸ್ತು, ಇದ್ದಿದ್ದರೆ ಕಾಣುತ್ತಿತ್ತು, ಅದಕ್ಕೇ ಇಲ್ಲ. ಚುರುಕು ಮನುಷ್ಯ. ತಾತನಿಗೆ ಉದಯನನೆಂದರೆ ಪ್ರಾಣ.

ನನಗೆ ಅಷ್ಟು ಸಮಾಧಾನವಿಲ್ಲ. ಟೆಸ್ಟರಿನ ಮೊದಲ ಮತ್ತು ಮೂರನೇ ಮೆಟ್ಟಿಲು ಇಲ್ಲಿ ಎಲ್ಲಿದೆ? ಇದೆ ಎಂದು ಎಲ್ಲರೂ ಒಪ್ಪಿದ ಜಾಗ ಒಂದಿದ್ದರೆ ತಾನೇ ನನ್ನ ಟೆಸ್ಟರ್ ಸರಿಯೋ ಕೆಟ್ಟಿದೆಯೋ ಗೊತ್ತಾಗುವುದು? ಕಾಡುಗೋಡಿಯ ಬೃಂದಾವನ ಆಶ್ರಮದ ಭಜನೆಗೆ ಹೋಗುವ ನನ್ನ ಸಹೋದ್ಯೋಗಿಯೊಬ್ಬರು ಅಲ್ಲಿ ಕೂತಾಗ ತಮಗೆ ದೀಪ ಹತ್ತುತ್ತದೆ ಎನ್ನುತ್ತಾರೆ. ಸುಳ್ಳು ಹೇಳುವವರಲ್ಲ. ನಾನೂ ಹೋಗಿ ಕೂತೆ. ತಬಲಾದ ಎಡಗೈ ಬಹಳ ಚೆನ್ನಾಗಿತ್ತು, ಅಷ್ಟೇ. ಅವರ ಜಾಗವನ್ನು ನನ್ನ ಟೆಸ್ಟರಿನ ಪರೀಕ್ಷೆಗೆ ಬಳಸಲಾಗದು, ನನ್ನ ಉರಿಯದ ಟೆಸ್ಟರಿನಿಂದ ಅವರ ಜಾಗವನ್ನು ಅಳೆಯಲಾಗದು. ಉದಯನ ನಾಸ್ತಿಕನ ಕೈಯಿಂದ "ಇಲ್ಲ" ಕಿತ್ತುಕೊಂಡ, ಒಪ್ಪುತ್ತೇನೆ. ನನ್ನ ಕೈಗೆ "ಇದೆ" ಕೊಡಲಿಲ್ಲ.

ಕೊಟ್ಟ ಎನ್ನುತ್ತಿದ್ದರು ತಾತ, ಅನುಮಾನದ ದಾರಿಯಲ್ಲಿ: ಕಾರ್ಯವಿದೆ, ಆದ್ದರಿಂದ ಕರ್ತೃ ಇದ್ದಾನೆ. ಇಲ್ಲಿ ನನ್ನ ವಾದ್ಯವೇ ನನಗೆ ಅಡ್ಡ ಬರುತ್ತದೆ. ಮೊಬೈಲಿನ ಪುಟ್ಟ ಸ್ಪೀಕರು 41 ಹರ್ಟ್ಸ್ ಹೊರಡಿಸಲಾರದು. ಆದರೂ ಅದರಲ್ಲಿ ಹಾಡು ಕೇಳಿದವರು ಬಾಸಿನ ಸ್ವರವನ್ನು ಸರಿಯಾಗಿಯೇ ಗುನುಗುತ್ತಾರೆ. ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿನಲ್ಲಿ ಹೋಗುವ ಹಾರ್ಮೋನಿಕ್ಸ್‌ಗಳ ಸಾಲಿದೆ. ಅದರ ಮೇಲ್ತುದಿಯ ಕೆಲವು ಸಿಕ್ಕರೂ ಸಾಕು, ಅವುಗಳ ನಡುವಿನ ಅಂತರ ಹಿಡಿದು ಮಿದುಳು ತಳವನ್ನು ತಾನೇ ಕಟ್ಟಿಕೊಳ್ಳುತ್ತದೆ. ಗಾಳಿಯಲ್ಲಿ ಇಲ್ಲದ ಸ್ವರ ಕಿವಿಗೆ ಇದೆ. ಕಾರ್ಯದಿಂದ ಕಾರಣಕ್ಕೆ ಹೋಗುವ ಅನುಮಾನವನ್ನು ನಮ್ಮ ಮಿದುಳು ಕೇಳದೆಯೇ ಮಾಡುತ್ತದೆ, ಕಾರಣ ಇರಲಿ ಬಿಡಲಿ.

ನಮ್ಮ ಕೀಬೋರ್ಡಿನ ಹುಡುಗ ಇದನ್ನೇ ಹಿಡಿದುಕೊಂಡು, "ನೋಡಿ ಅಣ್ಣಾ, ಇನ್ಮೇಲೆ ಬಾಸ್ ನನ್ನ ಎಡಗೈಲೇ ಹೊಡೀತೀನಿ, ಇಲ್ಲಾಂದ್ರೆ ಲ್ಯಾಪ್‌ಟಾಪಲ್ಲಿ ಟ್ರ್ಯಾಕ್ ಹಾಕ್ತೀನಿ, ಜನಕ್ಕೇನೂ ಗೊತ್ತಾಗಲ್ಲ" ಎಂದು ಕಾಲೆಳೆಯುತ್ತಾನೆ. ಡೋರ್ಸ್ ತಂಡದ ರೇ ಮ್ಯಾಂಜರೆಕ್ ವೇದಿಕೆಯಲ್ಲಿ ಎಡಗೈಯಲ್ಲೇ ಬಾಸ್ ನುಡಿಸಿ ನಿಭಾಯಿಸಿದ್ದ ಎಂಬುದನ್ನು ಇವನಿಗೆ ಹೇಳಿಕೊಟ್ಟವನೂ ನಾನೇ. ಯಾವ ಜನಕ್ಕೆ, ಎಲ್ಲಿ ನಿಂತ ಜನಕ್ಕೆ, ಮೊದಲು ಏನು ಕೇಳಿದ್ದ ಜನಕ್ಕೆ ಎಂದು ನಾನು ಶುರುಮಾಡಿದರೆ ಅವನು ಹೆಡ್‌ಫೋನ್ ಹಾಕಿಕೊಂಡುಬಿಡುತ್ತಾನೆ.

ಮೊನ್ನೆ ಆಯುಧಪೂಜೆಗೆ ಮೇನ್ ಪ್ಯಾನೆಲ್ಲಿನ ಬಾಗಿಲು ತೆಗೆದು ಒರೆಸಿ, ಅರಿಶಿನ ಕುಂಕುಮ ಇಡುತ್ತಿದ್ದೆವು. ಹೊಸ ಅಪ್ರೆಂಟಿಸ್ ಹುಡುಗ ಕುಂಕುಮದ ಬಟ್ಟಲು ಹಿಡಿದು, "ಸಾರ್, ನೀವು ನಿಜವಾಗ್ಲೂ ಇದನ್ನೆಲ್ಲ ನಂಬ್ತೀರಾ? ದೇವರು ಇದ್ದಾನಾ?" ಎಂದ. ಮಾತಿನ ಜೊತೆಗೆ ಅವನ ಬೆರಳು ಬಸ್‌ಬಾರಿನ ಕಡೆಗೂ ಹೊರಟಿತ್ತು.

"415 ವೋಲ್ಟ್ ಕಣಯ್ಯ ಅದು."

"ಆಫ್ ಮಾಡಿದೆ ಸಾರ್. ಟೆಸ್ಟರ್ ಇಟ್ಟು ನೋಡ್ದೆ, ಉರೀಲಿಲ್ಲ."

"ಟೆಸ್ಟರ್ ನೋಡಿದ್ಯಾ?"

ಹುಡುಗ ಬಟ್ಟಲು ಕೆಳಗಿಟ್ಟು, ಜೇಬಿನಿಂದ ಟೆಸ್ಟರ್ ತೆಗೆದು, ಗೋಡೆಯ ಸಾಕೆಟ್ಟಿನ ಕಡೆ ನಡೆದ.