ಹಲ್ಲಿನ ವಯಸ್ಸು, ಹೊದಿಕೆಯ ವಯಸ್ಸು

ಆಳ ಸಮುದ್ರದ ತಳದಲ್ಲಿ, ನಾಲ್ಕೈದು ಸಾವಿರ ಮೀಟರ್ ಕೆಳಗೆ, ಎಂದೋ ಅಳಿದುಹೋದ ಶಾರ್ಕ್‌ಗಳ ಹಲ್ಲುಗಳು ಇಂದಿಗೂ ಬಿದ್ದಿವೆ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದು, ಅಂದರೆ ಮೂಗಿನ ತುದಿಯಲ್ಲಿರುವಂಥ ಮೆತ್ತನೆಯ ಎಲುಬಿನದು. ಅದು ಕರಗಿಹೋಗಿ ಹಲ್ಲು ಉಳಿಯುತ್ತದೆ. ಎಷ್ಟೋ ಸಲ ಹಲ್ಲಿನ ತಿರುಳೂ ಕರಗಿ, ಗಟ್ಟಿ ಕವಚ ಮಾತ್ರ ಟೊಳ್ಳಾಗಿ ಉಳಿದು, ಅದರ ಮೇಲೆ ಕಡಲ ನೀರಿನ ಮ್ಯಾಂಗನೀಸ್ ಮತ್ತು ಕಬ್ಬಿಣ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರಿನಂತೆ ಕಪ್ಪಗೆ ಕಟ್ಟಿಕೊಳ್ಳುತ್ತವೆ. ಹಿಂದೂ ಮಹಾಸಾಗರದ ನಡುತಳದಿಂದ ಎತ್ತಿದ ಇಂಥ ಲೋಹದ ಗಂಟುಗಳ ಗರ್ಭದಲ್ಲೂ ಶಾರ್ಕಿನ ಹಲ್ಲುಗಳು ಸಿಕ್ಕಿವೆ.

1872–76ರಲ್ಲಿ ಚಾಲೆಂಜರ್ ಎಂಬ ಹಡಗು ನಡೆಸಿದ ಸಮುದ್ರಶೋಧ ಯಾನದಲ್ಲಿ ದೊರೆತ ಮೆಗಲೊಡಾನ್ ಎಂಬ ದೈತ್ಯ ಶಾರ್ಕಿನ ಎರಡು ಹಲ್ಲುಗಳ ಹೊದಿಕೆಯನ್ನು ಅಳೆದ ಚೆರ್ನೆಜ್ಕಿ ಎಂಬ ವಿದ್ವಾಂಸರು, ಅವು ಸುಮಾರು 24,000 ಮತ್ತು 11,000 ವರ್ಷ ಹಳೆಯವೆಂದು 1959ರಲ್ಲಿ ಬರೆದರು. ಹೊದಿಕೆ ಬೆಳೆಯುವ ವೇಗವನ್ನು ಹೆಚ್ಚೆಂದು ಹಿಡಿದದ್ದು ಒಂದು ತಪ್ಪು. ಹಲ್ಲು ಬಿದ್ದಂದಿನಿಂದಲೇ ಅದು ಬಿಡುವಿಲ್ಲದೆ ಬೆಳೆಯಿತೆಂದು ನಂಬಿದ್ದು ಇನ್ನೊಂದು. ಆ ಪ್ರಾಣಿ ಅಳಿದು ಸುಮಾರು 36 ಲಕ್ಷ ವರ್ಷಗಳಾದವೆಂಬುದು ಇಂದಿನ ನಿರ್ಣಯ.

ಹೊದಿಕೆಯ ವಯಸ್ಸನ್ನೇ ಹಲ್ಲಿನ ವಯಸ್ಸೆನ್ನುವ ಈ ತಪ್ಪು ಧರ್ಮದ ವಿಷಯದಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಮಲೆ ಮಹದೇಶ್ವರ ಬೆಟ್ಟದ ಕಲ್ಲು ಜೀವಾವಶೇಷಗಳನ್ನು ಉಳಿಸಿಕೊಂಡಿಲ್ಲ. ಭೂಗರ್ಭದ ಕಾವಿನಲ್ಲಿ ಬೆಂದು ಮಾರ್ಪಟ್ಟ ಪ್ರಾಚೀನ ಶಿಲೆ ಅದು. ಆ ಬೆಟ್ಟದ ದೇವರು ಮಹದೇಶ್ವರನನ್ನು, ಅಂದರೆ ಭಕ್ತರ ಮಾದಪ್ಪನನ್ನು, ಉಳಿಸಿದ್ದು ಕಂಸಾಳೆ ಎಂಬ ತಾಳ ಹಿಡಿದು ಹಾಡುವ ಭಕ್ತರಾದ ದೇವರಗುಡ್ಡರ ಕೊರಳು. ಅವರು ಹಾಡುವ ಕಾವ್ಯ 'ಸಾಲು'ಗಳಲ್ಲಿ, ಅಂದರೆ ಒಂದೊಂದೂ ತಾನೇ ಪೂರ್ಣವಾದ ಕಥಾಭಾಗಗಳಲ್ಲಿ, ಹರಡಿದೆ. ಮಹದೇಶ್ವರನ ಕಾಲ 14–15ನೇ ಶತಮಾನವೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ; ಆದರೆ ಹಾಡಿನಲ್ಲಿ ಹಲವು ಕಾಲದ ಮಾತು, ಊರು, ಜಾತಿ, ಕಸುಬುಗಳು ಒಂದರ ಮೇಲೊಂದು ಸೇರಿವೆ. ಈಚಿನ ಮಾತೊಂದು ಕಂಡಿತೆಂದು ಇಡೀ ಕಥೆಯೇ ಈಚಿನದೆನ್ನುವವರೂ, ಪ್ರತಿ ಪದವೂ ಮೂಲದ್ದೆಂದು ಹಟ ಹಿಡಿಯುವವರೂ ಹೊದಿಕೆಯನ್ನೇ ಹಲ್ಲೆಂದು ಅಳೆಯುತ್ತಿದ್ದಾರೆ.

ಹಾಗೆಂದು ಹೊದಿಕೆ ಸುಳ್ಳಲ್ಲ, ಸುಲಿದೆಸೆಯಬೇಕಾದ ಕೊಳೆಯೂ ಅಲ್ಲ. ತಲೆಮಾರುಗಳ ಭಕ್ತಿ ಕಟ್ಟಿಕೊಂಡದ್ದು ಅಲ್ಲಿಯೇ. ಸಂಕಮ್ಮನ ಸಾಲಿನಲ್ಲಿ, ಜೇನು ತರಲು ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳ ಶೀಲವನ್ನು ಶಂಕಿಸಿ ಆಣೆ ಕೇಳುತ್ತಾನೆ, ಅವಳು ಒಪ್ಪದಿದ್ದಾಗ ಹಿಂಸಿಸಿ ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಅವಳನ್ನು ಬಿಡಿಸಿ ಮಕ್ಕಳ ಭಾಗ್ಯ ಕೊಡುತ್ತಾನೆ. ಇದು ಯಾವ ಶತಮಾನದಲ್ಲಿ ಹಾಡಿಗೆ ಸೇರಿತೆಂಬುದು ಇತಿಹಾಸಕಾರನ ನ್ಯಾಯವಾದ ಪ್ರಶ್ನೆ, ಅದನ್ನು ಕೇಳಲೇಬೇಕು. ದೇವರು ಶಂಕೆಗೆ ಗುರಿಯಾದ ಹೆಣ್ಣಿನ ಪಕ್ಷ ವಹಿಸುತ್ತಾನೆಯೇ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗದು. ಆ ಉತ್ತರವನ್ನು ಹಾಡು ತಾನೇ ಕೊಟ್ಟಿದೆ, ಅದನ್ನು ಒಪ್ಪುವ ಅಥವಾ ನಿರಾಕರಿಸುವ ಹೊಣೆ ಕೇಳುವವನದು.