ಒಂದು ಗೇಣು ಅಲಗು

ಸೊಂಟದಲ್ಲಿ ಒಂದು ಚೂರಿ ಇಟ್ಟುಕೊಂಡು ತಿರುಗಬೇಕೆ, ಬೇಡವೆ? ಹಗರೆಯಲ್ಲಿ ಕಡೇ ಬಸ್ಸಿಳಿದು ಕತ್ತಲಲ್ಲಿ ಕೇರಿಯ ಹಾದಿ ಹಿಡಿಯುವ ನಮ್ಮ ಹುಡುಗರ ಪ್ರಶ್ನೆ ಇದು. ಹುಡುಗಿಯರೂ ಕೇಳುತ್ತಾರೆ, ಸ್ವಲ್ಪ ಮೆಲ್ಲಗೆ. ಕಾವ್ಯವೇ ಖಡ್ಗವಾಗಬೇಕೆಂದು 1979ರಿಂದ ವೇದಿಕೆ ಮೇಲೆ ಕೂಗಿಕೊಂಡು ಬಂದ ಬಂಡಾಯದವರು ನಿಜವಾದ ಕಬ್ಬಿಣದ ಮಾತು ಬಂದಾಗ ಮುಜುಗರಪಟ್ಟರೆ ಹೇಗೆ?

ಮೊದಲು ಕಬ್ಬಿಣದ ಮಾತೇ ಆಡೋಣ. ಮಡಿಸುವ ಚಾಕುವಿಗಿಂತ ಮಡಿಸಲಾಗದ ಸಣ್ಣ ಚೂರಿ ವಾಸಿ. ಅದಕ್ಕೆ ಕೀಲಿಲ್ಲ, ಒತ್ತಿದಾಗ ಮಡಿಚಿಕೊಂಡು ನಮ್ಮ ಬೆರಳನ್ನೇ ಕತ್ತರಿಸುವ ಭಯವಿಲ್ಲ. ಅಲಗಿನ ಬಾಲ ಹಿಡಿಯ ತುದಿವರೆಗೂ ಹೋಗಿರಬೇಕು; ಅರ್ಧಕ್ಕೇ ನಿಂತಿದ್ದರೆ ಬಲ ಬಿದ್ದ ಕಡೆ ಕಳಚುತ್ತೆ. ಹಿಡಿಗೂ ಅಲಗಿಗೂ ನಡುವೆ ತಡೆ ಇಲ್ಲದಿದ್ದರೆ ಬೆವೆತ ಕೈ ಜಾರುತ್ತೆ. ಒರೆ ಗಟ್ಟಿಯಿರಬೇಕು. ಹಗ್ಗ ಕೊಯ್ಯೋಕೆ, ಆಲೂಗಡ್ಡೆ ಮೂಟೆಯ ಹೊಲಿಗೆ ಬಿಡಿಸೋಕೆ ನಾಲ್ಕಿಂಚು ಅಲಗು ಧಾರಾಳ ಸಾಕು. ಇದನ್ನೆಲ್ಲ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಊರಿನ ಸತ್ತ ದನ ಸುಲಿದ ಅಲಗು ನಮ್ಮದು, ಊರಿನ ಮೆಟ್ಟು ಹೊಲಿದ ಉಳಿ, ರಂಪಿಗೆ ನಮ್ಮವು. ಗೌಡರ ಗದ್ದೆ ಕೊಯ್ದ ಕುಡ್ಲೂ ನಮ್ಮದೇ. ಅವು ದುಡಿಮೆಯಲ್ಲಿದ್ದಷ್ಟು ದಿನ ಯಾರ ಕಣ್ಣಿಗೂ ಆಯುಧವಾಗಿ ಕಾಣಲಿಲ್ಲ.

ಕಾನೂನು ಅಲಗನ್ನು ಅಳೆಯುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 2016ರಲ್ಲಿ ಬಂದ ನಿಯಮಗಳು 9 ಇಂಚಿಗಿಂತ ಉದ್ದದ, ಇಲ್ಲವೆ 2 ಇಂಚಿಗಿಂತ ಅಗಲದ ಚಾಕುವನ್ನು ಶಸ್ತ್ರದ ಪಟ್ಟಿಗೆ ಸೇರಿಸುತ್ತವೆ. ಮನೆಗೆ, ಬೇಸಾಯಕ್ಕೆ ಅಂತ ಮಾಡಿದ್ದನ್ನು ಬಿಡುತ್ತವೆ. 9 ಇಂಚು ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಗೇಣು. ಗೇಣಿಗಿಂತ ಚಿಕ್ಕದಾದರೆ ಕಾಗದದ ಮೇಲೆ ನಾವು ಪಾರು. ಠಾಣೆಯಲ್ಲಿ ಮಾತ್ರ ಮೊದಲು ಅಳೆಯೋದು ಅದು ಯಾರ ಸೊಂಟದಲ್ಲಿತ್ತು ಅನ್ನೋದನ್ನ.

ಪಕ್ಕದ ಕೊಡಗಿನಲ್ಲಿ ಕೊಡವರ ಸೊಂಟದಲ್ಲಿ ಪೀಚೆಕತ್ತಿ ಮೆರೆಯುತ್ತದೆ. ಅವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದಲೂ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯಲ್ಲೇ ಜಾಗವಿದೆ. ನಮಗೇನೂ ಹೊಟ್ಟೆಕಿಚ್ಚಿಲ್ಲ. ಬೇಲೂರು ಹಳೇಬೀಡಿನ ಕಲ್ಲಿನಲ್ಲಿ ಮೃಗವನ್ನು ಇರಿಯುತ್ತಿರುವ ಸಳನ ಮುಂದೆ ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಕಡೆ ಅಲಗು ಪರಂಪರೆ, ಒಂದು ಕಡೆ ಧರ್ಮ, ಇನ್ನೊಂದು ಕಡೆ ರಾಜಲಾಂಛನ. ಕೇರಿ ಹುಡುಗನ ಸೊಂಟದಲ್ಲಿ ಅದೇ ಅಲಗು 'ದುರುದ್ದೇಶ'. ಚಾತುರ್ವರ್ಣ್ಯ ಕೆಳಗಿನವರ ಕೈಯಿಂದ ಆಯುಧ ಕಸಿದುಕೊಂಡಿದ್ದರಿಂದಲೇ ಇಲ್ಲಿ ದಂಗೆ ಏಳಲಿಲ್ಲ ಎಂದು ಬಾಬಾಸಾಹೇಬರು ಜಾತಿವಿನಾಶದ ಬರಹದಲ್ಲಿ 1936ರಲ್ಲೇ ಹೇಳಿದ್ದರು.

ಹಂಗಾದ್ರೆ ಮಡಿಕ್ಕೊಳ್ಳೋಣ ಅನ್ನಿಸುತ್ತೆ. ಅನ್ನಿಸಲೂಬೇಕು. ಆದರೆ ಯಾರಿಗೆ ಅಂತ ಎತ್ತೋದು? ಸಳನ ಮುಂದೆ ಇದ್ದದ್ದು ಒಂದೇ ಹುಲಿ. ಜಾತಿ ಒಂಟಿಯಾಗಿ ಬರೋದಿಲ್ಲ, ಊರನ್ನು ಕಟ್ಟಿಕೊಂಡು ಬರುತ್ತೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಹೊರಗಿನಿಂದ ಮುಚ್ಚಿ ಬೆಂಕಿ ಇಟ್ಟ ಮನೆಯೊಳಗೆ ಚೂರಿ ಏನು ಮಾಡೀತು? 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಒಪ್ಪಿತು.

ಆತ್ಮರಕ್ಷಣೆಯ ಹಕ್ಕು ನಮಗೂ ಉಂಟು. 1860ರ ದಂಡಸಂಹಿತೆಯಲ್ಲಿತ್ತು, 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ 34ರಿಂದ 44ನೇ ಕಲಮಿನವರೆಗೆ ಇದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಅನ್ನುತ್ತೆ. ನಾಲ್ಕು ಜನ ದೊಣ್ಣೆ ಹಿಡಿದು ನಿಂತು, ಮೈಯೆಲ್ಲ ನಡುಗುವಾಗ ಅಗತ್ಯ ಎಷ್ಟು ಅಂತ ಯಾವ ತಕ್ಕಡೀಲಿ ತೂಗೋದು? ದೊಣ್ಣೆಯ ಎಟುಕು ಚೂರಿಯದಕ್ಕಿಂತ ದೊಡ್ಡದು, ಅದು ಬೇರೆ ಮಾತು. ನಮ್ಮೋರು ಅಟ್ರಾಸಿಟಿ ಕೇಸು ಕೊಡಲು ಹೋದರೆ ಆ ಕಡೆಯಿಂದ ಕೌಂಟರ್ ಕೇಸು ಬೀಳೋದು ನಮ್ಮ ಓದುಗರಿಗೆ ಹೊಸದಲ್ಲ. ಸೊಂಟದಲ್ಲಿ ಚೂರಿ ಸಿಕ್ಕಿಬಿಟ್ಟರೆ ಆ ಕೇಸಿಗೆ ಸಾಕ್ಷಿಯನ್ನು ನಾವೇ ಹೊತ್ತುಕೊಂಡು ಹೋಗಿ ಕೊಟ್ಟಂತೆ.

ಹುಡುಗರಿಗೆ ಬೇಡ ಅನ್ನುತ್ತೇವೆ, ಇಷ್ಟು ಕಾರಣ ಸಾಕು. ಆದರೆ ಒಂಟಿಯಾಗಿ ನಡೆಯುವ ತಂಗಿಗೆ 'ಬ್ಯಾಡ ಕಣವ್ವ' ಅನ್ನಲು ನಮಗೆ ಬಾಯಿ ಬರುವುದಿಲ್ಲ. ಅವಳೆದುರು ಬರುವವನು ಒಬ್ಬನೇ ಇರಬಹುದು. ಅತ್ಯಾಚಾರಕ್ಕೆ ಬಂದವನ ಪ್ರಾಣ ಹೋದರೂ ಅದು ಆತ್ಮರಕ್ಷಣೆಯೇ ಎಂದು ಕಾನೂನು ಒಪ್ಪುತ್ತದೆ. ಕೈ ಬಿಡಿಸಿಕೊಂಡು ಓಡುವಷ್ಟು ಹೊತ್ತು ಸಿಕ್ಕರೆ ಅವಳ ಚೂರಿಯ ಕೆಲಸ ಮುಗಿಯಿತು. ಬೇಡ ಅನ್ನುವ ಗಂಡಸರು ಮೊದಲು ಬಸ್ ಸ್ಟಾಪಿಗೆ ಬಂದು ಅವಳ ಜೊತೆ ನಡೆಯಲಿ.

ಇನ್ನೊಂದು ಕಾಗದವನ್ನು ನಮ್ಮ ಗೆಳೆಯರು ಓದಬೇಕು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ ಮೂರನೆಯದು. ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನು ಸರ್ಕಾರ ಗುರುತಿಸಬೇಕು; ಅಗತ್ಯ ಕಂಡರೆ ಅಲ್ಲಿ ದಲಿತರಲ್ಲದವರ ಶಸ್ತ್ರ ಲೈಸೆನ್ಸ್ ರದ್ದು ಮಾಡಿ ಆಯುಧ ವಶಕ್ಕೆ ಪಡೆಯಬೇಕು, ದಲಿತರಿಗೆ ಲೈಸೆನ್ಸ್ ಕೊಡಬೇಕು. ಹಾಸನದ ಜಿಲ್ಲಾಧಿಕಾರಿಗಳಿಗೆ ಬರೆಯುವ ಅರ್ಜಿಯ ಮೊದಲ ಸಾಲು ಕೇರಿ ಹಾದಿಯ ಬೀದಿದೀಪದ್ದಾಗಿರಲಿ. ಎರಡನೇ ಸಾಲಿನಲ್ಲಿ ಕೇಳೋಣ: ಈ ನಿಯಮದಡಿ ಜಿಲ್ಲೆಯಲ್ಲಿ ಇದುವರೆಗೆ ಯಾವ ಯಾವ ಊರುಗಳನ್ನು ಗುರುತಿಸಿದ್ದೀರಿ, ಯಾರ ಬಂದೂಕು ಇಳಿಸಿದ್ದೀರಿ?