ಗ್ರಂಥಪ್ರೀತಿ ಮತ್ತು ಪರಿಗ್ರಹ

ಪುಸ್ತಕಗಳ ಮೇಲಿನ ಪ್ರೀತಿಯೂ ರಾಗವೇ? ಮೇಲ್ನೋಟಕ್ಕೆ ಈ ಪ್ರಶ್ನೆ ಕುಚೋದ್ಯದಂತೆ ತೋರಬಹುದು. ಆದರೆ ಪರಿಗ್ರಹ ಪರಿಮಾಣ ವ್ರತವನ್ನು ಮನಸಾರೆ ಸ್ವೀಕರಿಸಿದ ಶ್ರಾವಕನಿಗೆ ಇದು ಹಗುರವಾದ ವಿಷಯವಲ್ಲ. ಭೂಮಿ, ಚಿನ್ನ, ಧನಧಾನ್ಯಗಳಿಗೆ ಮಿತಿಯನ್ನು ವಿಧಿಸಿಕೊಂಡವನು ತನ್ನ ಪುಸ್ತಕದ ಬೀರುಗಳನ್ನು ಆ ಲೆಕ್ಕಕ್ಕೆ ಸೇರಿಸುವುದು ವಿರಳ. ಅವು ಜ್ಞಾನಸಾಧನಗಳೆಂಬ ಸಮಾಧಾನವಿರುತ್ತದೆ. ಹೊಸ ಪುಸ್ತಕ ಕೈಗೆ ಬಂದಾಗಿನ ಪುಲಕ, ಅಚ್ಚಿನ ಅಂದವನ್ನು ಮತ್ತೆ ಮತ್ತೆ ನೋಡುವ ಆಸೆ, ಎರವಲು ಕೊಟ್ಟರೆ ಹಿಂದಿರುಗದೆಂಬ ಅಂಜಿಕೆ, ಇವೆಲ್ಲ ಒಡವೆಯ ಪೆಟ್ಟಿಗೆಯ ಮುಂದೆ ಕುಳಿತವನ ಭಾವಗಳಿಂದ ಎಷ್ಟು ದೂರದವು?

ಜೈನ ಪರಿಭಾಷೆ ಈ ಸಂದಿಗ್ಧವನ್ನು ಒಂದೇ ಶಬ್ದದಲ್ಲಿ ಅಡಗಿಸಿಟ್ಟಿದೆ. 'ಗ್ರಂಥ'ವೆಂದರೆ ಪುಸ್ತಕ, 'ಗ್ರಂಥ'ವೆಂದರೆ ಪರಿಗ್ರಹವೂ ಹೌದು. ಅದನ್ನು ತೊರೆದವನೇ ನಿರ್ಗ್ರಂಥ. ಆದರೂ ಎಲ್ಲವನ್ನೂ ತೊರೆದ ದಿಗಂಬರ ಮುನಿಗೆ ಪಿಂಛಿ, ಕಮಂಡಲುಗಳ ಜೊತೆಗೆ ಶಾಸ್ತ್ರವನ್ನು ಜ್ಞಾನೋಪಕರಣವೆಂದು ಇಟ್ಟುಕೊಳ್ಳಲು ಅನುಮತಿಯುಂಟು. ಅಂದಮೇಲೆ ದೋಷವು ಪುಸ್ತಕದಲ್ಲಿಲ್ಲ. ಮೂರ್ಛೆಯೇ, ಅಂದರೆ 'ನನ್ನದು' ಎಂಬ ಮೋಹವೇ, ಪರಿಗ್ರಹವೆಂಬುದು ತತ್ತ್ವಾರ್ಥಸೂತ್ರದ ನಿಲುವು. ಅಪಾರ ಗ್ರಂಥಭಂಡಾರದ ನಡುವೆ ಕುಳಿತವನು ಅದರಿಂದ ಮುಕ್ತನಾಗಿರಬಹುದು. ಒಂದೇ ಪುಸ್ತಕವುಳ್ಳವನು ಅದಕ್ಕೆ ಸಿಲುಕಿರಬಹುದು.

ಹಾಗಾದರೆ ಓದಿನ ಉತ್ಸಾಹವು ಎಲ್ಲಿ ಮೋಹವಾಗುತ್ತದೆ, ಎಲ್ಲಿ ತಪಸ್ಸಾಗುತ್ತದೆ? ಸ್ವಾಧ್ಯಾಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಗೃಹಸ್ಥನ ನಿತ್ಯ ಷಟ್ಕರ್ಮಗಳಲ್ಲಿಯೂ ಒಂದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಅದನ್ನು ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಐದಾಗಿ ವಿಭಾಗಿಸುತ್ತದೆ. ವಾಚನೆಯೆಂದರೆ ಒಬ್ಬನೇ ಕುಳಿತು ಓದುವುದೆಂದು ಇಂದಿನವರು ತಿಳಿಯುವುದು ಸಹಜ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಬೇರೆಯೇ ಆಗಿದೆ. ನಿರ್ದೋಷವಾದ ಗ್ರಂಥವನ್ನಾಗಲಿ, ಅದರ ಅರ್ಥವನ್ನಾಗಲಿ, ಎರಡನ್ನೂ ಆಗಲಿ ಯೋಗ್ಯನಾದವನಿಗೆ ಕೊಡುವುದೇ ವಾಚನೆ. ಸ್ವಾಧ್ಯಾಯದ ಮೊದಲ ಮೆಟ್ಟಿಲೇ ಕೊಡುವಿಕೆ! ಪೃಚ್ಛನೆಗೆ ಉತ್ತರಿಸುವ ಇನ್ನೊಬ್ಬನು ಬೇಕು. ಧರ್ಮೋಪದೇಶಕ್ಕೆ ಕೇಳುವವನು ಬೇಕು. ಏಕಾಂತದಲ್ಲಿ ಸಾಧ್ಯವಾಗುವುದು ಮನನರೂಪದ ಅನುಪ್ರೇಕ್ಷೆ ಮತ್ತು ಶುದ್ಧೋಚ್ಚಾರಣೆಯ ಆವೃತ್ತಿಯಾದ ಆಮ್ನಾಯ, ಇವೆರಡೇ. ತಾನು ಓದಿದ್ದನ್ನು ಯಾರಿಗೂ ಹೇಳದ ಓದುಗನು ಸ್ವಾಧ್ಯಾಯದ ಅರ್ಧವನ್ನೂ ಮುಟ್ಟಿರುವುದಿಲ್ಲ.

ಜನ್ನನ ಯಶೋಧರ ಚರಿತೆಯನ್ನೇ ತೆಗೆದುಕೊಳ್ಳಬಹುದು. 1209ರಲ್ಲಿ ರಚಿತವಾದ ಈ ಚಿಕ್ಕ ಕಾವ್ಯವನ್ನು ಒಂದೆರಡು ಸಂಜೆಗಳಲ್ಲಿ ಓದಿ ಮುಗಿಸಬಹುದು. ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅದರ ಫಲವಾಗಿ ಅವರು ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಒಬ್ಬನೇ ಓದುವವನು ಕಾವ್ಯದ ಓಟಕ್ಕೆ ಮರುಳಾಗಿ ಮುಂದೆ ಸಾಗಿಬಿಡುತ್ತಾನೆ. ಅದೇ ಕಥೆಯನ್ನು ಮನೆಯ ಮಕ್ಕಳಿಗೆ ಹೇಳತೊಡಗಿದರೆ, 'ಹಿಟ್ಟಿಗೆ ಜೀವವಿಲ್ಲವಲ್ಲ, ಇಷ್ಟೊಂದು ಶಿಕ್ಷೆ ಏಕೆ?' ಎಂಬ ಪ್ರಶ್ನೆ ಬರದಿರದು. ಆಗ ಹೇಳುವವನು ಸಂಕಲ್ಪಹಿಂಸೆಯ ಸೂಕ್ಷ್ಮವನ್ನು ತಾನೇ ಅರಿಯಲು ಕಾವ್ಯಕ್ಕೆ ಹಿಂದಿರುಗಬೇಕಾಗುತ್ತದೆ. ಮಗುವಿನ ಪ್ರಶ್ನೆಯೇ ಅವನ ಎರಡನೆಯ ಓದಿನ ಗುರು. ಆ ಕಾವ್ಯದೊಳಗಾದರೂ ನಡೆಯುವುದೇನು? ಬಲಿಗಾಗಿ ತರಲ್ಪಟ್ಟ ಅಭಯರುಚಿ ಭವಾವಳಿಯನ್ನು ಹೇಳುತ್ತಾನೆ. ಕತ್ತಿ ಹಿಡಿದ ಮಾರಿದತ್ತ ಕೇಳುತ್ತಾನೆ. ಕೇಳಿದವನ ಮನಸ್ಸು ತಿರುಗುತ್ತದೆ. ಕಥೆಯು ಅಭಯರುಚಿಯ ಎದೆಯಲ್ಲಿಯೇ ಉಳಿದಿದ್ದರೆ ಕತ್ತಿ ಕೆಳಗಿಳಿಯುತ್ತಿರಲಿಲ್ಲ.

ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಜೈನಮನೆಗಳಲ್ಲಿ ಚಿರಪರಿಚಿತ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ಬರೆಯಿಸಿ ಹಂಚಿದಳೆಂಬುದನ್ನು ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಅದರ ಹಿಂದಿನ ಶ್ರಮವನ್ನು ನೆನೆಯುವುದು ಕಡಿಮೆ. ಪ್ರತಿಯೊಂದು ಗರಿಯನ್ನೂ ಹದಗೊಳಿಸಿ, ಅಕ್ಷರ ಅಕ್ಷರವನ್ನೂ ಕೈಯಿಂದಲೇ ಬರೆಯಬೇಕಾಗಿದ್ದ ಕಾಲವದು. ಒಂದು ಪ್ರತಿಯಿಂದ ಆಕೆಯ ಓದಿಗೆ ಕೊರತೆಯಾಗುತ್ತಿರಲಿಲ್ಲ. ಉಳಿದ ಪ್ರತಿಗಳೆಲ್ಲ ಆಕೆ ಮುಖವನ್ನೇ ಕಾಣದ ಓದುಗರಿಗಾಗಿ. ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದವಳೂ ಆಕೆಯೇ. ಗ್ರಂಥಪ್ರೀತಿಯಲ್ಲಿ ರಾಗವಿದ್ದರೆ ಅದು ಹೀಗೆ ಹರಿಯಬೇಕು.

ಇದಕ್ಕೆ ವಿರುದ್ಧವಾಗಿ, ಕೊಡದೆ ಇರುವುದರ ಪ್ರಶ್ನೆ ಮೂಡಬಿದಿರೆಯ ಧವಲಾ ಗ್ರಂಥಗಳ ಇತಿಹಾಸದಲ್ಲಿ ತೀವ್ರವಾಗಿ ಎದ್ದು ನಿಲ್ಲುತ್ತದೆ. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನರು 816ರಲ್ಲಿ ಪೂರೈಸಿದ ಟೀಕೆಯ ತಾಡವೋಲೆಗಳು, ಹಳಗನ್ನಡ ಲಿಪಿಯಲ್ಲಿ, ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಯಾತ್ರಿಕರಿಗೆ ಅವುಗಳ ದರ್ಶನವಿತ್ತು; ಅಧ್ಯಯನವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಹಳ ಪ್ರಯತ್ನದ ನಂತರ ಪ್ರತಿಲೇಖನ ಆರಂಭವಾಯಿತು. ಆ ಪ್ರತಿಗಳೂ ಹೊರಹೋಗಬಾರದೆಂಬ ಕಟ್ಟಳೆಯಿತ್ತು. ಆದರೂ ಗುಟ್ಟಾಗಿ ಮಾಡಿದ ಒಂದು ಪ್ರತಿ ಉತ್ತರಕ್ಕೆ ಸಾಗಿತು. ಅದರಿಂದ ಬೇರೆ ಪ್ರತಿಗಳಾದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಪ್ರಕಟವಾಗಿ, ಮುಂದೆ ಒಟ್ಟು ಹದಿನಾರು ಸಂಪುಟಗಳು ಹೊರಬಂದವು.

ಪ್ರತಿಯನ್ನು ಗುಟ್ಟಾಗಿ ಕೊಂಡೊಯ್ದದ್ದು ಅದತ್ತಾದಾನವಲ್ಲವೆ? ಹೌದು, ಫಲ ಒಳ್ಳೆಯದಾಯಿತೆಂಬ ಮಾತ್ರಕ್ಕೆ ಆ ದೋಷ ಅಳಿಯದು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಹೇಳುವ ಕಾರಣಗಳಲ್ಲಿ ಬಲ್ಲುದನ್ನು ಮರೆಮಾಚುವ ನಿಹ್ನವ, ಕೊಡಬೇಕಾದಲ್ಲಿ ಕೊಡದ ಮಾತ್ಸರ್ಯ, ಅಡ್ಡಿಪಡಿಸುವ ಅಂತರಾಯ ಇವೂ ಇವೆ. ಮೂಡಬಿದಿರೆಯವರ ಮೇಲೆ ಈ ಆರೋಪವನ್ನು ಹೊರಿಸಲು ಆತುರಪಡುವುದು ನ್ಯಾಯವಲ್ಲ. ಗೃಹಸ್ಥರಿಗೆ ಸಿದ್ಧಾಂತಾಧ್ಯಯನ ಸಲ್ಲದೆಂಬ ನಂಬಿಕೆ ಪ್ರಾಮಾಣಿಕವಾಗಿತ್ತು. ಅವರು ಕಾಯದಿದ್ದರೆ ಕದಿಯಲು ಕೂಡ ಏನೂ ಉಳಿಯುತ್ತಿರಲಿಲ್ಲ. ಮುಂದೆ ಅಲ್ಲಿನ ಮಠದವರೇ ಮೂಲ ಓಲೆಗಳೊಡನೆ ಪಾಠಗಳನ್ನು ಹೋಲಿಸಿ ನೋಡಲು ಸಹಕರಿಸಿದರು. ಆ ಸಹಕಾರದಿಂದಲೇ ಅಚ್ಚಿನ ಪಾಠ ಶುದ್ಧವಾಯಿತು. ಬಾಗಿಲು ಮುಚ್ಚಿಯೇ ಉಳಿಯಿತೆಂಬಂತೆ ಈ ಕಥೆಯನ್ನು ಹೇಳುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಇಂದಿನ ಬಸದಿಗಳ ಬೀರುಗಳಲ್ಲಿರುವುದು ಬಹುಪಾಲು ಅಚ್ಚಾದ ಪುಸ್ತಕಗಳು. ಸಿದ್ಧಾಂತಗ್ರಂಥಗಳ ಬಿಗಿ ಅವಕ್ಕೆ ಬೇಕಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯಂದು, ಶ್ರುತಪಂಚಮಿಯ ನಿಮಿತ್ತ, ಅವನ್ನು ಹೊರತೆಗೆದು ಧೂಳೊರೆಸಿ, ಹೊಸ ವಸ್ತ್ರ ಸುತ್ತಿ, ಅರ್ಘ್ಯವೆತ್ತಿ, ಮತ್ತೆ ಬೀಗ ಹಾಕುವ ಕಡೆಗಳೂ ಇವೆ. ಶಾಸ್ತ್ರದಾನವೆಂದು ಶುಭಕಾರ್ಯಗಳಲ್ಲಿ ಹಂಚಲ್ಪಟ್ಟ ಪುಸ್ತಕಗಳ ಗತಿಯೂ ಹಲವು ಮನೆಗಳಲ್ಲಿ ಅಷ್ಟೇ. ದಾನಿಗೆ ಅದರೊಳಗೇನಿದೆಯೆಂದು ತಿಳಿಯದು, ಪಡೆದವನು ಬಿಡಿಸಿ ನೋಡನು. ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಕುಳಿತು, ಒಂದೊಂದು ಮನೆಯವರೂ ಆ ವರ್ಷ ತಾವು ಓದಿದ ಒಂದು ಪುಸ್ತಕವನ್ನು ಕುರಿತು, ವಡ್ಡಾರಾಧನೆಯ ಒಂದು ಕಥೆಯೇ ಆಗಲಿ, ಹೊಸ ಲೇಖಕರ ಪ್ರವಾಸಕಥನವೇ ಆಗಲಿ, ನಾಲ್ಕು ಮಾತು ಹೇಳಿ, ಅದನ್ನು ಅಲ್ಲಿಯೇ ಇನ್ನೊಬ್ಬರ ಕೈಗೆ ಕೊಡುವುದಕ್ಕೆ ಟ್ರಸ್ಟುಗಳಿಗೆ ಖರ್ಚೇನೂ ಬರುವುದಿಲ್ಲ. ಕೆಲವು ಪುಸ್ತಕಗಳು ಹಿಂದಿರುಗಲಿಕ್ಕಿಲ್ಲ. ಅವನ್ನು ಲೆಕ್ಕಪುಸ್ತಕದ ದಾನದ ಅಂಕಣಕ್ಕೆ ಹಾಕಿಕೊಳ್ಳಬಹುದು.